ಹೆಸರಿಲ್ಲದ ಪೋಸ್ಟ್ ಕಾರ್ಡ್: 1892ರಲ್ಲಿ ಒಂದು ಹೊಸ ನಕ್ಷತ್ರ ಸಿಕ್ಕಿದ ಬಗೆ

1892ರ ಫೆಬ್ರವರಿ 1, ಸೋಮವಾರ. ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಕಾಲ್ಟನ್ ಗುಡ್ಡದ ಮೇಲೆ ರಾಯಲ್ ವೀಕ್ಷಣಾಲಯ ಇತ್ತು. ಆ ದಿನ ಅಲ್ಲಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಬರೆದದ್ದು ರಾಲ್ಫ್ ಕೋಪ್‌ಲ್ಯಾಂಡ್ ಅವರಿಗೆ. ಅವರು ಸ್ಕಾಟ್ಲೆಂಡಿನ ಆಸ್ಟ್ರೋನಾಮರ್ ರಾಯಲ್, ಅಂದರೆ ಸರ್ಕಾರ ನೇಮಿಸಿದ ಮುಖ್ಯ ಖಗೋಳಜ್ಞ. ಕಾರ್ಡಿನಲ್ಲಿದ್ದದ್ದು ಕೆಲವೇ ಮಾತು. ಆರಿಗ ನಕ್ಷತ್ರಪುಂಜದಲ್ಲಿ ಒಂದು ನೋವಾ, ಅಂದರೆ ಹೊಸದಾಗಿ ಕಾಣಿಸಿಕೊಂಡ ನಕ್ಷತ್ರ, ಇದೆ. ಆಕಾಶಗಂಗೆಯ ಒಳಗೆ, ಆ ಪುಂಜದ ಖೈ ಎಂಬ ನಕ್ಷತ್ರದಿಂದ ಸುಮಾರು 2 ಡಿಗ್ರಿ ದಕ್ಷಿಣಕ್ಕೆ, 26ನೇ ನಂಬರಿನ ನಕ್ಷತ್ರಕ್ಕಿಂತ ಮುಂದೆ. ಐದನೇ ಕಾಂತಿಮಾನ (ನಕ್ಷತ್ರದ ಬೆಳಕಿನ ಅಳತೆ), ಖೈಗಿಂತ ಒಂಚೂರು ಜಾಸ್ತಿ ಬೆಳಕು.

ಅಷ್ಟೇ. ಕೆಳಗೆ ಸಹಿ ಇಲ್ಲ, ಹೆಸರಿಲ್ಲ.

ಆಗ ಇಂಗ್ಲೆಂಡಿನಲ್ಲಿ ಪೋಸ್ಟ್ ಕಾರ್ಡಿನ ಅಂಚೆ ದರ ಅರ್ಧ ಪೆನ್ನಿ. ಆ ಅರ್ಧ ಪೆನ್ನಿಯ ಕಾರ್ಡಿನ ಬೆನ್ನಲ್ಲೇ ಲಂಡನ್, ಪಾಟ್ಸ್‌ಡ್ಯಾಮ್, ಹಾರ್ವರ್ಡ್, ಕ್ಯಾಲಿಫೋರ್ನಿಯಾ ಎಲ್ಲ ಕಡೆಯ ದೂರದರ್ಶಕಗಳು ಆಕಾಶದ ಒಂದೇ ಚುಕ್ಕೆಯ ಕಡೆ ತಿರುಗಿದವು. ಹವ್ಯಾಸಿಗಳೂ ವೃತ್ತಿಯವರೂ ಹೇಗೆ ಸೇರಿ ಕೆಲಸ ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಕಾರ್ಡು. ಹಾಗಾಗಿ ಈ ಒಂದೇ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಬರೆದವರು, ಓದಿದವರು

ಕಾರ್ಡು ಬರೆದವರು ಥಾಮಸ್ ಡೇವಿಡ್ ಆಂಡರ್ಸನ್. 1853ರಲ್ಲಿ ಹುಟ್ಟಿದವರು, ಎಡಿನ್‌ಬರೋದವರೇ. ಪಾದ್ರಿಯಾಗಲು ಓದಿದ್ದರು, ಆದರೆ ಆ ಕೆಲಸಕ್ಕೆ ಹೋಗಲಿಲ್ಲ. ರಾತ್ರಿ ಆಕಾಶ ನೋಡುವುದೇ ಅವರ ಬದುಕಾಯಿತು. ಅವರಿಗೆ ವೀಕ್ಷಣಾಲಯ ಇರಲಿಲ್ಲ. ಆ ರಾತ್ರಿ ಅವರ ಬಳಿ ಇದ್ದದ್ದು ಕ್ಲೈನ್ ಎಂಬ ಜರ್ಮನ್ನರ ನಕ್ಷತ್ರ ನಕ್ಷೆಗಳ ಪುಸ್ತಕ, ಮತ್ತೆ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಒಂದು ಪುಟ್ಟ ದೂರದರ್ಶಕ. ಅದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತಿತ್ತು, ಅಷ್ಟೇ. ಇವತ್ತು ಹಕ್ಕಿ ನೋಡುವವರು ಕೊರಳಿಗೆ ಹಾಕಿಕೊಳ್ಳುವ ಬೈನಾಕ್ಯುಲರ್ ಕೂಡ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು ಮಾಡುತ್ತದೆ.

ಕಾರ್ಡು ಓದಿದ ಕೋಪ್‌ಲ್ಯಾಂಡ್ ಅವರ ಕಥೆಯನ್ನೂ ಸ್ವಲ್ಪ ಹೇಳಬೇಕು. ಅದಿಲ್ಲದೆ ಈ ಪ್ರಕರಣ ಪೂರ್ತಿ ಅರ್ಥವಾಗುವುದಿಲ್ಲ. ಲ್ಯಾಂಕಾಶೈರಿನ ಹುಡುಗ ಅವರು. ಹರೆಯದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಕುರಿ ಮೇಯಿಸುವ ದೊಡ್ಡ ಹಟ್ಟಿಗಳಲ್ಲಿ ದುಡಿದರು. ಆಮೇಲೆ ಮ್ಯಾಂಚೆಸ್ಟರಿನ ರೈಲ್ವೆ ಇಂಜಿನ್ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿ ಜೊತೆಗಿದ್ದ ಹುಡುಗರನ್ನು ಕಟ್ಟಿಕೊಂಡು ಒಂದು ಸಣ್ಣ ವೀಕ್ಷಣಾಲಯ ಮಾಡಿದರು, 5 ಅಂಗುಲದ ದೂರದರ್ಶಕ ಕೂರಿಸಿದರು. ಅದಾದ ಮೇಲೆಯೇ ಜರ್ಮನಿಯ ಗ್ಯೋಟಿಂಗನ್‌ಗೆ ಹೋಗಿ ಖಗೋಳ ಓದಿದ್ದು. ಮುಂದೆ ಡನ್ ಎಕ್ಟ್ ಎಂಬಲ್ಲಿ ಒಬ್ಬ ಶ್ರೀಮಂತರು ಸ್ವಂತ ಖರ್ಚಿನಲ್ಲಿ ಕಟ್ಟಿಸಿದ್ದ ವೀಕ್ಷಣಾಲಯವನ್ನು ವರ್ಷಗಟ್ಟಲೆ ನಡೆಸಿದರು. ಆ ಶ್ರೀಮಂತರು, ಅರ್ಲ್ ಆಫ್ ಕ್ರಾಫರ್ಡ್, 1888ರಲ್ಲಿ ತಮ್ಮ ಉಪಕರಣ, ಪುಸ್ತಕ ಎಲ್ಲವನ್ನೂ ದೇಶಕ್ಕೆ ಕೊಟ್ಟರು. ಮರುವರ್ಷ ಕೋಪ್‌ಲ್ಯಾಂಡ್ ಎಡಿನ್‌ಬರೋದ ಹುದ್ದೆಗೆ ಬಂದರು.

ಅಂದರೆ ಮೇಜಿನ ಆ ಕಡೆ ಕೂತಿದ್ದ ಸರ್ಕಾರಿ ಖಗೋಳಜ್ಞರೂ ಒಂದು ಕಾಲದಲ್ಲಿ ಕೆಲಸ ಮುಗಿಸಿ ರಾತ್ರಿ ದೂರದರ್ಶಕದ ಮುಂದೆ ನಿಲ್ಲುತ್ತಿದ್ದ ಹವ್ಯಾಸಿ. ಹೆಸರಿಲ್ಲದ ಒಂದು ಕಾರ್ಡನ್ನು ಕಸದ ಬುಟ್ಟಿಗೆ ಹಾಕದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ಆ ಕಾಲದ ಹವ್ಯಾಸಿಗಳು

ಹವ್ಯಾಸಿ ಅಂದ ತಕ್ಷಣ ಬಿಡುವಿನ ವೇಳೆಯಲ್ಲಿ ಸುಮ್ನೆ ಮಾಡುವ ಕೆಲಸ ಅನ್ನಿಸುತ್ತದೆ ಅಲ್ವಾ. ವಿಕ್ಟೋರಿಯಾ ರಾಣಿಯ ಕೊನೆಯ ವರ್ಷಗಳ ಬ್ರಿಟನ್ನಿನಲ್ಲಿ ಹಾಗಿರಲಿಲ್ಲ. ಗ್ರೀನಿಚ್‌ನಂಥ ಸರ್ಕಾರಿ ವೀಕ್ಷಣಾಲಯಕ್ಕೆ ಕೈ ತುಂಬಾ ಕೆಲಸವಿತ್ತು. ನಕ್ಷತ್ರಗಳ ಸ್ಥಾನ ಅಳೆಯುವುದು, ಹಡಗಿನವರಿಗೆ ಬೇಕಾದ ಲೆಕ್ಕ ಒದಗಿಸುವುದು, ದೇಶಕ್ಕೆ ಸರಿಯಾದ ಸಮಯ ಕೊಡುವುದು. ಹೊಸ ದಾರಿ ಹುಡುಕುವ ಕೆಲಸವನ್ನು ಎಷ್ಟೋ ಸಲ ಮಾಡಿದವರು ಸ್ವಂತ ದುಡ್ಡು ಹಾಕಿದವರು. ಲಂಡನ್ನಿನ ವಿಲಿಯಂ ಹಗಿನ್ಸ್ ರೇಷ್ಮೆ ಬಟ್ಟೆ ವ್ಯಾಪಾರದ ಮನೆಯವರು. ನಕ್ಷತ್ರಗಳ ಬೆಳಕನ್ನು ಪ್ರಿಸಮ್ಮಿನಲ್ಲಿ ಒಡೆದು ಅವುಗಳಲ್ಲಿ ಏನಿದೆ ಎಂದು ಹೇಳುವ ವಿದ್ಯೆಯನ್ನು ಕಟ್ಟಿದವರಲ್ಲಿ ಅವರು ಮೊದಲ ಸಾಲಿನವರು. ಆಂಡ್ರ್ಯೂ ಐನ್ಸ್‌ಲಿ ಕಾಮನ್ ಊರಿನ ನೈರ್ಮಲ್ಯದ ಕೆಲಸ ನೋಡಿಕೊಳ್ಳುವ ಇಂಜಿನಿಯರ್. 1883ರಲ್ಲಿ ಅವರು ಮನೆ ತೋಟದ 36 ಅಂಗುಲದ ಕನ್ನಡಿ ದೂರದರ್ಶಕದಿಂದ ಮಹಾವ್ಯಾಧದ ನೀಹಾರಿಕೆಯ ಫೋಟೋ ತೆಗೆದರು. ಕಣ್ಣಿಗೆ ಕಾಣದ ನಕ್ಷತ್ರಗಳೂ ಅದರಲ್ಲಿ ಮೂಡಿದ್ದವು. ಐಸಾಕ್ ರಾಬರ್ಟ್ಸ್ ಕಟ್ಟಡ ಕಂಟ್ರಾಕ್ಟರ್. 1888ರಲ್ಲಿ ಆಂಡ್ರೊಮಿಡಾದ ಸುರುಳಿಯನ್ನು ಫೋಟೋದಲ್ಲಿ ತೋರಿಸಿದರು.

ಇವರೆಲ್ಲ ಉಳ್ಳವರು. ಇವರ ಕೆಳಗೆ ಇನ್ನೊಂದು ದೊಡ್ಡ ಗುಂಪಿತ್ತು. ಗುಮಾಸ್ತರು, ಮೇಷ್ಟ್ರುಗಳು, ವಕೀಲರು, ಮನೆಯಲ್ಲೇ ಇರುವ ಹೆಣ್ಣುಮಕ್ಕಳು. ಇವರಿಗಾಗಿಯೇ 1890ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಆಸ್ಟ್ರೋನಾಮಿಕಲ್ ಅಸೋಸಿಯೇಷನ್ ಶುರುವಾಯಿತು. ಚಂದಾ ಕಡಿಮೆ, ಹೆಂಗಸರಿಗೂ ಪ್ರವೇಶ. ಆಂಡರ್ಸನ್ ಅವರ ಕಾರ್ಡು ಬಂದಾಗ ಆ ಸಂಘಕ್ಕೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ಒಂದು ವಾರದ ತಪ್ಪು

ಈಗ ಪ್ರಕರಣದ ತಿರುಳಿಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಇದನ್ನು ಆಂಡರ್ಸನ್ ಅವರೇ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಗೆ ಬರೆದ ಕಾಗದದಲ್ಲಿ ಏನನ್ನೂ ಮುಚ್ಚಿಡದೆ ಹೇಳಿದ್ದಾರೆ.

ಜನವರಿ 24, ಭಾನುವಾರ, ಬೆಳಗಿನ ಜಾವ ಎರಡು ಗಂಟೆ. ಆ ಹೊತ್ತಿಗೆ ಎಡಿನ್‌ಬರೋದಲ್ಲಿ ಆರಿಗ ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿದಿರುತ್ತದೆ. ಆಂಡರ್ಸನ್ ಆ ಕಡೆ ನೋಡಿದರು. ವೃಷಭದ ಬೀಟಾ ಮತ್ತು ಆರಿಗದ ಖೈ ನಕ್ಷತ್ರಗಳ ಜೊತೆ ಅಗಲವಾದ ಕೋನ ಮಾಡಿಕೊಂಡು ಒಂದು ಐದನೇ ಕಾಂತಿಮಾನದ ಚುಕ್ಕೆ ಕಂಡಿತು. ಅವರು ಅದನ್ನು ಆರಿಗದ 26ನೇ ನಂಬರಿನ ನಕ್ಷತ್ರ ಎಂದುಕೊಂಡರು. "ಈ 26 ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಪ್ರಕಾಶವಾಗಿದೆಯಲ್ಲ" ಅಂತ ಮನಸ್ಸಿನಲ್ಲೇ ಹೇಳಿಕೊಂಡು ಸುಮ್ಮನಾದರು.

ಆ ವಾರದಲ್ಲಿ ಕಡಿಮೆ ಅಂದರೂ ಇನ್ನೆರಡು ಸಲ ಅದೇ ಚುಕ್ಕೆ ನೋಡಿದರು. ಎರಡು ಸಲವೂ ಅದೇ ತಪ್ಪು, ಅದೇ ಸಮಾಧಾನ. ಜನವರಿ 31, ಮತ್ತೆ ಭಾನುವಾರ, ಬೆಳಗಿನ ಜಾವ. ಅವತ್ತು ನಕ್ಷೆ ತೆಗೆದು, ಪುಟ್ಟ ದೂರದರ್ಶಕ ಹಿಡಿದು, ಒಂದೊಂದೇ ಚುಕ್ಕೆ ಹೋಲಿಸಿದರು. 26 ತನ್ನ ಜಾಗದಲ್ಲೇ ಇತ್ತು. ಇದು ಬೇರೆ.

ಇದು ಹೇಗೆ ಆಗುತ್ತದೆ ಎಂದು ನೋಡಲು ನಾನು ಒಂದು ಜನವರಿಯಲ್ಲಿ ಊರಿನ ಮನೆಯ ತಾರಸಿ ಹತ್ತಿದೆ. ಕೈಯಲ್ಲಿ ಹತ್ತು ಪಟ್ಟಿನ ಬೈನಾಕ್ಯುಲರ್. ಆರಿಗವನ್ನು ನಮ್ಮಲ್ಲಿ ವಿಜಯಸಾರಥಿ ಎನ್ನುತ್ತಾರೆ, ಬ್ರಹ್ಮಹೃದಯ ಅದರ ದೊಡ್ಡ ನಕ್ಷತ್ರ. ಕರ್ನಾಟಕದಲ್ಲಿ ಜನವರಿ ಕೊನೆಗೆ ರಾತ್ರಿ ಒಂಬತ್ತರ ಹೊತ್ತಿಗೆ ಅದು ನೆತ್ತಿಯ ಹತ್ತಿರವೇ ಬಂದಿರುತ್ತದೆ, ಕತ್ತು ಎತ್ತಿಯೇ ನೋಡಬೇಕು. ವೃಷಭದ ಬೀಟಾ, ಅಂದರೆ ನಮ್ಮವರ ಅಗ್ನಿ, ಸುಲಭವಾಗಿ ಸಿಕ್ಕಿತು. ಅಲ್ಲಿಂದ ಬಡಗಣ ಕಡೆ ಖೈ ಹುಡುಕಿದೆ. ಅದಾದ ಮೇಲೆ 26. ಬೈನಾಕ್ಯುಲರಿನೊಳಗೆ ಆಕಾಶಗಂಗೆಯ ಪುಡಿ ನಕ್ಷತ್ರಗಳು ರಾಗಿ ಚೆಲ್ಲಿದ ಹಾಗೆ. ಕಣ್ಣು ಒಮ್ಮೆ ಜಾರಿದರೆ ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಆಂಡರ್ಸನ್ ಅವರ ಹೊಸ ಚುಕ್ಕೆ ಇದ್ದ ಜಾಗಕ್ಕೂ 26ಕ್ಕೂ ನಡುವಿನ ಅಂತರ ಸುಮಾರು ಒಂದೂವರೆ ಡಿಗ್ರಿ. ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಆ ಅಂತರದಲ್ಲಿ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಎಷ್ಟು ಸಲೀಸು ಅಂತ ಆ ರಾತ್ರಿ ಗೊತ್ತಾಯಿತು. ಹತ್ತು ನಿಮಿಷದಲ್ಲಿ ನಾನೇ ಎರಡು ಸಲ ತಪ್ಪಿದೆ.

ಹಾಗಾಗಿ ಮೂರು ಸಲ ತಪ್ಪಿದ್ದರಲ್ಲಿ ನನಗೆ ಅಚ್ಚರಿ ಇಲ್ಲ. "26 ಇಷ್ಟು ಪ್ರಕಾಶವಾಗಿರಲಿಲ್ಲ" ಎಂಬ ಸಣ್ಣ ಮುಳ್ಳು ಅವರ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತಲ್ಲ, ಅದೇ ದೊಡ್ಡದು. 26 ಮೊದಲು ಎಷ್ಟು ಮಂಕಾಗಿತ್ತು ಎಂದು ನೆನಪಿಟ್ಟುಕೊಂಡ ಕಣ್ಣಿಗೆ ಮಾತ್ರ ಆ ಮುಳ್ಳು ಚುಚ್ಚುತ್ತದೆ. ಐದನೇ ಕಾಂತಿಮಾನ ಅಂದರೆ ಬರಿಗಣ್ಣಿಗೆ ಕಾಣುವ ಅಂಚಿನ ಹತ್ತಿರ. ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ. ಆರನೆಯದರ ಆಚೆಗೆ ಬರಿಗಣ್ಣು ಕೈ ಚೆಲ್ಲುತ್ತದೆ. ಅಂಥ ಮಂಕು ಚುಕ್ಕೆಗಳು ಆಕಾಶದಲ್ಲಿ ಸಾವಿರಗಟ್ಟಲೆ ಇವೆ. ಅದರಲ್ಲಿ ಒಂದು ಜಾಸ್ತಿಯಾಗಿದೆ ಎನ್ನಬೇಕಾದರೆ ಉಳಿದವು ಬೀದಿಯ ಮನೆಗಳ ಹಾಗೆ ಪರಿಚಯ ಇರಬೇಕು.

ಕಾರ್ಡಿನಲ್ಲಿ ಏನಿತ್ತು, ಏನಿರಲಿಲ್ಲ

ಆ ಕಾರ್ಡನ್ನು ಒಂದು ವರದಿ ಅಂತ ನೋಡಿ. ಎಲ್ಲಿ: ಯಾವ ಪುಂಜ, ಯಾವ ನಕ್ಷತ್ರದಿಂದ ಎಷ್ಟು ದೂರ, ಯಾವ ದಿಕ್ಕಿಗೆ. ಇನ್ನೊಂದು ಗುರುತು: 26ಕ್ಕಿಂತ ಮುಂದೆ, ಅಂದರೆ ಆಕಾಶ ತಿರುಗುವಾಗ 26ಕ್ಕಿಂತ ಮೊದಲು ದಾಟುವುದು. ಎಷ್ಟು ಬೆಳಕು: ಸಂಖ್ಯೆಯಲ್ಲಿ ಒಂದು, ಪಕ್ಕದ ನಕ್ಷತ್ರದ ಜೊತೆ ಹೋಲಿಸಿ ಇನ್ನೊಂದು. ಒಬ್ಬ ವೀಕ್ಷಕನಿಗೆ ಹತ್ತು ನಿಮಿಷದಲ್ಲಿ ಹೌದೋ ಅಲ್ಲವೋ ಎಂದು ನೋಡಲು ಬೇಕಾದ್ದು ಎಲ್ಲವೂ ಇದೆ. ಒಂದು ಪದವೂ ಹೆಚ್ಚಿಲ್ಲ. "ನನಗೆ ಅನ್ನಿಸುತ್ತದೆ", "ತಪ್ಪಿದ್ದರೆ ಕ್ಷಮಿಸಿ" ಇಲ್ಲ. ಇಂದಿನ ನಕ್ಷೆಯಲ್ಲಿ ಅಳೆದರೆ ಆ ಜಾಗ ಖೈಯಿಂದ 1.75 ಡಿಗ್ರಿ ದಕ್ಷಿಣಕ್ಕೆ ಬರುತ್ತದೆ. "ಸುಮಾರು 2 ಡಿಗ್ರಿ" ಎಂದು ಬರೆದದ್ದು ಎಷ್ಟು ಸರಿಯಾಗಿದೆ ನೋಡಿ. ಅದೂ ಕಣ್ಣಳತೆಯಲ್ಲಿ.

ಇಲ್ಲದೆ ಇದ್ದದ್ದು ಹೆಸರು. ಯಾಕೆ ಬರೆಯಲಿಲ್ಲ? ತಮ್ಮ ಖಗೋಳ ಜ್ಞಾನ ತೀರಾ ಅಲ್ಪ ಎಂದು ಅವರು ಆಮೇಲಿನ ಕಾಗದದಲ್ಲಿ ಬರೆದುಕೊಂಡಿದ್ದಾರೆ. ಹಿಂದಿನ ವಾರ ಮೂರು ಸಲ ತಪ್ಪಿದ ಮನುಷ್ಯ ನಾಲ್ಕನೇ ಸಲವೂ ತಪ್ಪಿರಬಹುದು ಅಂತ ಹಿಂಜರಿದದ್ದು ಸಹಜ. ತಪ್ಪಾದರೆ ಹೆಸರು ಕೆಡುವುದು ಬೇಡ, ಸರಿಯಾಗಿದ್ದರೆ ನಕ್ಷತ್ರ ತಪ್ಪಿಹೋಗುವುದು ಬೇಡ. ನನ್ನ ಪ್ರಕಾರ ಆ ಕಾರ್ಡಿನ ಹಿಂದೆ ಇದ್ದದ್ದು ಈ ಎರಡು ಯೋಚನೆ. ಸುಮ್ಮನಿದ್ದುಬಿಡುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಕೋಪ್‌ಲ್ಯಾಂಡ್ ಅದೇ ಸಂಜೆ ನೋಡಿದರು. ನಕ್ಷತ್ರ ಹೇಳಿದ ಜಾಗದಲ್ಲೇ ಇತ್ತು. ಪ್ರಿಸಮ್ ಹಿಡಿದು ನೋಡಿದಾಗ ಜಲಜನಕದ ಗೆರೆಗಳು ಹೊಳೆಯುತ್ತ ಕಂಡವು. ಮಾಮೂಲಿ ನಕ್ಷತ್ರದ ರೋಹಿತದಲ್ಲಿ, ಅಂದರೆ ಒಡೆದು ಹರಡಿದ ಬೆಳಕಿನ ಪಟ್ಟಿಯಲ್ಲಿ, ಗೆರೆಗಳು ಕಪ್ಪಾಗಿರುತ್ತವೆ. ಹೊಳೆಯುವ ಗೆರೆ ಅಂದರೆ ಬಿಸಿ ಅನಿಲ ತಾನೇ ಬೆಳಗುತ್ತಿದೆ ಎಂದರ್ಥ. 1866ರಲ್ಲಿ ಐರ್ಲೆಂಡಿನ ಜಾನ್ ಬರ್ಮಿಂಗ್‌ಹ್ಯಾಮ್ ಎಂಬ ಜಮೀನುದಾರರು ರಾತ್ರಿ ಮನೆಗೆ ನಡೆದು ಬರುವಾಗ ಕಂಡ ಹೊಸ ನಕ್ಷತ್ರದಲ್ಲೂ ಹಗಿನ್ಸ್ ಇಂಥದೇ ಗೆರೆ ಕಂಡಿದ್ದರು. ಹಾಗಾಗಿ ಕೋಪ್‌ಲ್ಯಾಂಡ್ ಅವರಿಗೆ ಅನುಮಾನ ಉಳಿಯಲಿಲ್ಲ. ಇಂಥ ಸುದ್ದಿಗಳನ್ನು ಎಲ್ಲ ದೇಶಗಳಿಗೂ ತಂತಿಯಲ್ಲಿ ಹಂಚಲು ಜರ್ಮನಿಯ ಕೀಲ್ ಊರಿನಲ್ಲಿ ಒಂದು ಕೇಂದ್ರ ಕಚೇರಿ ಇತ್ತು. ಅಲ್ಲಿಗೆ ಸುದ್ದಿ ಹೋಯಿತು. ಡನ್ ಎಕ್ಟ್‌ನಲ್ಲಿದ್ದಾಗ ವರ್ಷಗಟ್ಟಲೆ ಧೂಮಕೇತು, ನೋವಾಗಳ ಸುತ್ತೋಲೆ ಕಳಿಸಿದ ಕೈ ಅದು. ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಗಾಜಿನ ಮೇಲೆ 53 ದಿನ

ತಂತಿ ತಲುಪಿದ ಮೇಲೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ತಮ್ಮ ಹಳೆಯ ಫೋಟೋ ಪ್ಲೇಟುಗಳನ್ನು ತೆಗೆಸಿ ನೋಡಿದರು. ಅವರ ಬಳಿ ಆಕಾಶವನ್ನು ಮತ್ತೆ ಮತ್ತೆ ತೆಗೆದ ಗಾಜಿನ ಪ್ಲೇಟುಗಳ ರಾಶಿಯೇ ಇತ್ತು. ನಕ್ಷತ್ರ ಅಲ್ಲಿತ್ತು! ಒಂದರಲ್ಲಿ ಅಲ್ಲ, ಹಲವು ಪ್ಲೇಟುಗಳಲ್ಲಿ. ಅದು ಕಂಡ ಮೊದಲ ಪ್ಲೇಟು 1891ರ ಡಿಸೆಂಬರ್ 10ರದ್ದು. ಡಿಸೆಂಬರ್ 20ರ ಸುಮಾರಿಗೆ 4.4ನೇ ಕಾಂತಿಮಾನ ಮುಟ್ಟಿತ್ತು. ಅಂದರೆ ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ಡಿಸೆಂಬರ್ 8ರಂದು ಅದೇ ಜಾಗದ ಫೋಟೋ ತೆಗೆದಿದ್ದರು. ಒಂಬತ್ತನೇ ಕಾಂತಿಮಾನದ ನಕ್ಷತ್ರಗಳವರೆಗೆ ಮೂಡಿದ್ದ ಆ ಪ್ಲೇಟಿನಲ್ಲಿ ಇದು ಇಲ್ಲ. ಎರಡೇ ದಿನದಲ್ಲಿ ಅದು ಕತ್ತಲಿಂದ ಮೇಲೆ ಬಂದಿತ್ತು.

ಡಿಸೆಂಬರ್ 10ರಿಂದ ಫೆಬ್ರವರಿ 1ಕ್ಕೆ 53 ದಿನ. ಅಷ್ಟು ದಿನ ಜಗತ್ತಿನ ಬಹಳ ಒಳ್ಳೆಯ ವೀಕ್ಷಣಾಲಯವೊಂದರ ಕಪಾಟಿನಲ್ಲಿ ಸಾಕ್ಷಿ ಕೂತಿತ್ತು. ಯಾರೂ ಕೇಳಲಿಲ್ಲ, ಅದು ಹೇಳಲಿಲ್ಲ. ನಾನು ಇದನ್ನು ಹಾರ್ವರ್ಡಿನವರ ತಪ್ಪು ಅನ್ನುವುದಿಲ್ಲ. ಒಂದೊಂದು ಪ್ಲೇಟಿನಲ್ಲೂ ಸಾವಿರಾರು ಚುಕ್ಕೆ. ಅದರಲ್ಲಿ ಒಂದು ಹೊಸದು ಎಂದು ತಿಳಿಯಲು ಯಾರಾದರೂ ಕೂತು ಹಳೆಯ ಪ್ಲೇಟಿನ ಜೊತೆ ಹೋಲಿಸಬೇಕು. ಎಲ್ಲಿ ಹುಡುಕಬೇಕು ಎಂಬುದೇ ಗೊತ್ತಿಲ್ಲದಾಗ ಆ ಕೆಲಸಕ್ಕೆ ಮುಗಿವೇ ಇಲ್ಲ. ಎಲ್ಲಿ ಎಂದು ಗೊತ್ತಾದ ಮೇಲೆ? ಅದೇ ಪ್ಲೇಟುಗಳು ಯಾವ ಕಣ್ಣೂ ಕೊಡಲಾರದ್ದನ್ನು ಕೊಟ್ಟವು: ನಕ್ಷತ್ರ ಹತ್ತಿದ ದಿನ, ಏರಿದ ಎತ್ತರ, ಇಳಿದ ದಾರಿ. ಆಂಡರ್ಸನ್ ಎಷ್ಟೇ ಆಕಾಶ ಬಲ್ಲವರಾದರೂ ಹಿಂದಿನ ಡಿಸೆಂಬರಿಗೆ ಹೋಗಿ ನೋಡಿ ಬರುವ ಹಾಗಿರಲಿಲ್ಲ. ಆ ಭಾಗವನ್ನು ತಾವು ಸೂಕ್ಷ್ಮವಾಗಿ ನೋಡಿ ತಿಂಗಳುಗಳೇ ಆಗಿದ್ದವು ಎಂದು ಅವರೇ ಬರೆದಿದ್ದಾರೆ.

ಫೋಟೋಗ್ರಫಿ ಬಂದ ಮೇಲೆ ಕಣ್ಣಿನ ಹವ್ಯಾಸಿಗೆ ಕೆಲಸವಿಲ್ಲ ಎಂಬ ಮಾತು ಆ ಕಾಲದ್ದೇ. ಈ ಪ್ರಕರಣವನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಪ್ಲೇಟು ನೆನಪಿಟ್ಟುಕೊಂಡಿತ್ತು. ಗಮನಿಸಿದ್ದು ಮನುಷ್ಯ.

ಜೋಡಿ ಗೆರೆಗಳ ಒಗಟು

ಫೋಟೋ ಮತ್ತು ಬೆಳಕನ್ನು ಒಡೆದು ತೋರಿಸುವ ಸ್ಪೆಕ್ಟ್ರೋಸ್ಕೋಪ್ ಎರಡನ್ನೂ ಸೇರಿಸಿ ಚೆನ್ನಾಗಿ ಅಧ್ಯಯನ ಮಾಡಿದ ಮೊದಲ ನೋವಾ ಇದು. ಲಂಡನ್ನಿನ ತಮ್ಮ ಮನೆಯ ವೀಕ್ಷಣಾಲಯದಲ್ಲಿ ವಿಲಿಯಂ ಹಗಿನ್ಸ್ ಮತ್ತು ಅವರ ಹೆಂಡತಿ ಮಾರ್ಗರೆಟ್ ಹಗಿನ್ಸ್ ಸೇರಿ ಇದರ ರೋಹಿತ ಹಿಡಿದರು. ಪಾಟ್ಸ್‌ಡ್ಯಾಮ್‌ನಲ್ಲಿ ಹರ್ಮನ್ ಫೋಗೆಲ್ ಹಿಡಿದರು. ಕಂಡದ್ದು ವಿಚಿತ್ರವಾಗಿತ್ತು. ಪ್ರತಿ ಹೊಳೆಯುವ ಗೆರೆಯ ಪಕ್ಕದಲ್ಲಿ, ನೇರಳೆ ಬಣ್ಣದ ಕಡೆಗೆ, ಅದೇ ವಸ್ತುವಿನ ಒಂದು ಕಪ್ಪು ಗೆರೆ. ಗೆರೆ ನೇರಳೆ ಕಡೆ ಸರಿದರೆ ಬೆಳಕಿನ ಮೂಲ ನಮ್ಮ ಕಡೆ ಬರುತ್ತಿದೆ ಎಂದರ್ಥ. ಎರಡರ ನಡುವಿನ ಅಂತರವನ್ನು ವೇಗಕ್ಕೆ ತಿರುಗಿಸಿದರೆ ಸೆಕೆಂಡಿಗೆ ಸುಮಾರು 550 ಮೈಲಿ!

ಆ ಕಾಲದವರಿಗೆ ಸಹಜವಾಗಿ ಹೊಳೆದದ್ದು ಎರಡು ಕಾಯಗಳು. ಒಂದು ನಮ್ಮ ಕಡೆ ಓಡುತ್ತಿದೆ, ಇನ್ನೊಂದು ಆ ಕಡೆ. ಹಗಿನ್ಸ್ ದಂಪತಿ ಎರಡು ನಕ್ಷತ್ರ ಹತ್ತಿರದಿಂದ ಹಾದುಹೋಗಿ ಒಂದರ ಸೆಳೆತಕ್ಕೆ ಇನ್ನೊಂದರ ಒಳಗಿನ ಬಿಸಿ ಅನಿಲ ಉಕ್ಕಿದೆ ಎಂದರು. ನಾರ್ಮನ್ ಲಾಕ್‌ಯರ್ ಉಲ್ಕೆಗಳ ಎರಡು ಹಿಂಡು ಒಂದಕ್ಕೊಂದು ನುಗ್ಗಿವೆ ಎಂದರು. ಹ್ಯೂಗೋ ಫಾನ್ ಝೆಲಿಗರ್ ನಕ್ಷತ್ರವೊಂದು ಧೂಳಿನ ಮೋಡಕ್ಕೆ ಹೊಕ್ಕಿದೆ ಎಂದರು.

ಯಾರದೂ ಸರಿಯಲ್ಲ. ಇವತ್ತು ಗೊತ್ತಿರುವುದು ಹೀಗೆ: ಅಲ್ಲಿ ನಿಜವಾಗಿಯೂ ಎರಡು ನಕ್ಷತ್ರ ಇವೆ, ಆದರೆ ಹಾದುಹೋಗುವವಲ್ಲ. ಐದು ಗಂಟೆಗೂ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಒಂದನ್ನೊಂದು ಸುತ್ತುವ ಜೋಡಿ. ಒಂದು ಕುಗ್ಗಿ ಗಟ್ಟಿಯಾದ ಬಿಳಿ ಕುಬ್ಜ. ಅದು ಜೊತೆಗಾರನಿಂದ ಜಲಜನಕ ಎಳೆದುಕೊಂಡು ಮೈಮೇಲೆ ಪೇರಿಸಿಕೊಳ್ಳುತ್ತದೆ. ಪೇರಿಕೆ ಒಂದು ಮಿತಿ ದಾಟಿದಾಗ ಆ ಪದರ ಜಲಜನಕ ಬಾಂಬಿನ ಹಾಗೆ ಸಿಡಿಯುತ್ತದೆ. ಸಿಡಿದ ಅನಿಲ ಎಲ್ಲ ದಿಕ್ಕಿಗೂ ಹಾರುತ್ತದೆ. ನಮ್ಮ ಮತ್ತು ನಕ್ಷತ್ರದ ನಡುವೆ, ನಮ್ಮ ಕಡೆಗೇ ಬರುವ ಅನಿಲ ಬೆಳಕನ್ನು ತಡೆದು ಕಪ್ಪು ಗೆರೆ ಮಾಡುತ್ತದೆ. ಉಳಿದದ್ದು ಹೊಳೆಯುತ್ತದೆ. ಎರಡು ಕಾಯಗಳ ಓಟ ಎಂದು ಅವರು ಓದಿದ್ದು ಒಂದೇ ಸ್ಫೋಟದ ಉಬ್ಬುವ ಹೊದಿಕೆ. ಅವರು ಅಳೆದದ್ದು ಸರಿ, ಕಥೆ ತಪ್ಪು. ಪರಮಾಣುವಿಗೆ ಬೀಜ ಇದೆ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ ಅದಕ್ಕಿಂತ ಹೆಚ್ಚು ಯಾರಿಂದ ಆಗುತ್ತಿತ್ತು?

ನಕ್ಷತ್ರ ಮಾರ್ಚಿ ಮೊದಲ ವಾರದ ಬಳಿಕ ಬೇಗ ಬೇಗ ಇಳಿಯಿತು. ಏಪ್ರಿಲ್ 26ಕ್ಕೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ 36 ಅಂಗುಲದ ದೂರದರ್ಶಕದಲ್ಲಿ 16ನೇ ಕಾಂತಿಮಾನ. ಕಥೆ ಮುಗಿಯಿತು ಅಂದುಕೊಂಡರು. ಆಗಸ್ಟಿನಲ್ಲಿ ಮತ್ತೆ ಮೇಲೆ ಬಂತು, ಹತ್ತನೇ ಕಾಂತಿಮಾನದ ಹತ್ತಿರಕ್ಕೆ. ಅದೇ ಲಿಕ್‌ನಲ್ಲಿ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಆಗಸ್ಟ್ 19ರಂದು ನೋಡಿದಾಗ ಚುಕ್ಕೆಯ ಸುತ್ತ ಮಬ್ಬು ಕಂಡಿತು. ರೋಹಿತವೂ ಬದಲಾಗಿತ್ತು. ನೀಹಾರಿಕೆಗಳಲ್ಲಿ ಕಾಣುವ ಹಸಿರು ಗೆರೆಗಳು ಈಗ ನೋವಾದಲ್ಲಿ. ಆ ಗೆರೆ ಯಾವ ವಸ್ತುವಿನದು ಎಂಬುದು 1927ರವರೆಗೆ ಯಾರಿಗೂ ಬಿಡಿಸಲಾಗದ ಒಗಟು. ಕೊನೆಗೆ ಅದು ಆಮ್ಲಜನಕ ಎಂದು ತೋರಿಸಿದವರು ಐರಾ ಬೋವೆನ್.

ಹೆಸರು ಸಿಕ್ಕವರು, ಸಿಗದವರು

ಆಂಡರ್ಸನ್ ಅವರ ಹೆಸರು ಹೊರಬಿದ್ದದ್ದು ಕೆಲವು ದಿನ ಬಿಟ್ಟು. ನೇಚರ್ ಪತ್ರಿಕೆ ಮೊದಲು ಹೆಸರಿಲ್ಲದ ಕಾರ್ಡು ಎಂದೇ ಬರೆದಿತ್ತು. ಎರಡು ವಾರ ಕಳೆದ ಮೇಲೆ ಅದೇ ಪತ್ರಿಕೆಯಲ್ಲಿ ಅವರ ಕಾಗದ ಬಂತು. ಕೋಪ್‌ಲ್ಯಾಂಡ್ ಹೇಳಿದ್ದರಿಂದ ಬರೆಯುತ್ತಿದ್ದೇನೆ ಎಂದು ಅದರಲ್ಲಿದೆ. ಹೊಗಳಿಕೆ ತಮ್ಮ ಖಾತೆಗೆ ಹಾಕಿಕೊಳ್ಳದೆ, ಬರೆದವರನ್ನು ಮುಂದೆ ಕರೆದು ನಿಲ್ಲಿಸಿದರು ಆ ದೊಡ್ಡ ಮನುಷ್ಯ. ಹೆಸರಿಲ್ಲದ ಕಾರ್ಡನ್ನು ತಮ್ಮದೇ ಅಂದಿದ್ದರೆ ಕೇಳುವವರು ಯಾರಿದ್ದರು?

ಅದೇ 1892ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೋನಾಮಿಕಲ್ ಸೊಸೈಟಿಯ ಫೆಲೋಗಳಾಗಲು, ಅಂದರೆ ಸದಸ್ಯರಾಗಲು, ಮೂವರು ಹೆಂಗಸರ ಹೆಸರು ಮುಂದಿಡಲಾಯಿತು. ಎಲಿಜಬೆತ್ ಬ್ರೌನ್ ಸೂರ್ಯನ ಕಲೆಗಳನ್ನು ವರ್ಷಗಟ್ಟಲೆ ಗಮನಿಸಿ ಚಿತ್ರಿಸಿದ ಹವ್ಯಾಸಿ. ಆಲಿಸ್ ಎವರೆಟ್ ಮತ್ತು ಆನಿ ರಸೆಲ್ ಗ್ರೀನಿಚ್‌ನಲ್ಲಿ ಲೆಕ್ಕದ ಕೆಲಸ ಮಾಡುತ್ತಿದ್ದವರು. ಮತದಲ್ಲಿ ಮೂವರಿಗೂ ಜಾಗ ಸಿಗಲಿಲ್ಲ. ಆ ಸೊಸೈಟಿ ಹೆಂಗಸರನ್ನು ಫೆಲೋಗಳಾಗಿ ತೆಗೆದುಕೊಂಡದ್ದು 1916ರಲ್ಲಿ. ಒಂದು ಕಡೆ ಸಹಿ ಇಲ್ಲದ ಕಾರ್ಡಿಗೂ ತೆರೆದ ಬಾಗಿಲು, ಇನ್ನೊಂದು ಕಡೆ ಹೆಸರು, ಕೆಲಸ ಎರಡೂ ಇದ್ದವರಿಗೆ ಮುಚ್ಚಿದ ಬಾಗಿಲು. ಇದನ್ನು ಬಿಟ್ಟು ಆ ಕಾಲದ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾರ್ವರ್ಡಿನಲ್ಲಿ ಪ್ಲೇಟು ನೋಡುವ ಕೆಲಸ ಮಾಡುತ್ತಿದ್ದವರು ಹೆಂಗಸರೇ. ಅವರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಸ್ಕಾಟ್ಲೆಂಡಿನಿಂದ ಹೋದವರು, ಮೊದಲು ಪಿಕರಿಂಗ್ ಅವರ ಮನೆಯಲ್ಲಿ ಕೆಲಸಕ್ಕಿದ್ದವರು. 1893ರಲ್ಲಿ ಅವರು ಪೆರು ದೇಶದಲ್ಲಿ ತೆಗೆದ ಒಂದು ರೋಹಿತದ ಪ್ಲೇಟು ನೋಡುತ್ತಿದ್ದಾಗ ಒಂದು ಗೆರೆಸಾಲು ಕಂಡು ನಿಂತರು. ಇದು ಆರಿಗದ ನೋವಾದ ಹಾಗೇ ಇದೆಯಲ್ಲ! ಅದು ನಾರ್ಮ ಪುಂಜದ ಹೊಸ ನೋವಾ. ಎಡಿನ್‌ಬರೋದ ಕಾರ್ಡಿನಿಂದ ಶುರುವಾದ ಕೆಲಸದಿಂದಲೇ ನೋವಾದ ಮುಖ ಹೇಗಿರುತ್ತದೆ ಎಂದು ಪ್ಲೇಟು ನೋಡುವವರಿಗೆ ಪರಿಚಯವಾಗಿತ್ತು. ಈಗ ಪ್ಲೇಟಿಗೂ ಗಮನಿಸುವ ಕಣ್ಣು ಬಂದಿತ್ತು.

ಎರಡನೇ ಸಲ

ಆಂಡರ್ಸನ್ ಆ ಒಂದಕ್ಕೆ ನಿಲ್ಲಲಿಲ್ಲ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಹತ್ತಾರು ಕಂಡುಹಿಡಿದರು. ಹಾಗೆ ವರ್ಷಗಳು ಕಳೆದವು. ಕೋಪ್‌ಲ್ಯಾಂಡ್ ಅವರ ವೀಕ್ಷಣಾಲಯ 1896ರಲ್ಲಿ ಊರಿನ ಹೊಗೆ ಬಿಟ್ಟು ಬ್ಲ್ಯಾಕ್‌ಫರ್ಡ್ ಗುಡ್ಡಕ್ಕೆ ಹೋಯಿತು.

1901ರ ಜನವರಿ 22ರಂದು ವಿಕ್ಟೋರಿಯಾ ರಾಣಿ ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 22ರ ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ, ಆಂಡರ್ಸನ್ ಮಲಗಲು ಹೊರಟಿದ್ದರು. ಕೊನೆಯದಾಗಿ ಒಮ್ಮೆ ಆಕಾಶದ ಕಡೆ ಕಣ್ಣು ಹಾಯಿಸಿದರು. ಪರ್ಸಿಯಸ್ ಪುಂಜದಲ್ಲಿ, ಆಲ್ಗಾಲ್ ನಕ್ಷತ್ರದ ಹತ್ತಿರ, ಇರಬಾರದ ಒಂದು ನಕ್ಷತ್ರ. 2.7ನೇ ಕಾಂತಿಮಾನ. ಈ ಸಲ ಒಂದು ವಾರ ಬೇಕಾಗಲಿಲ್ಲ, ನಕ್ಷೆಯೂ ಬೇಕಾಗಲಿಲ್ಲ. ನೋಡಿದ ಕ್ಷಣಕ್ಕೆ ಗೊತ್ತಾಯಿತು. ಮರುದಿನ, 23ಕ್ಕೆ, ಅದು 0.2ಕ್ಕೆ ಏರಿತು. ಬ್ರಹ್ಮಹೃದಯದ ಸಾಲಿಗೆ ಬಂದು ನಿಂತ ಹಾಗೆ. ಸುದ್ದಿ ವೀಕ್ಷಣಾಲಯಕ್ಕೆ ಮುಟ್ಟಿತು, ಅಲ್ಲಿಂದ ಲೋಕಕ್ಕೆ. ಹೆಸರು ಈ ಸಲ ಮೊದಲಿನಿಂದಲೇ ಇತ್ತು. ಮರುವರ್ಷ ರಾಯಲ್ ಆಸ್ಟ್ರೋನಾಮಿಕಲ್ ಸೊಸೈಟಿ ಅವರಿಗೆ ಜಾಕ್ಸನ್-ಗ್ವಿಲ್ಟ್ ಪದಕ ಕೊಟ್ಟಿತು.

ಹಳೆಯ ಪ್ಲೇಟು ಹುಡುಕುವ ಕೆಲಸ ಈ ಸಲವೂ ನಡೆಯಿತು. ಎಲ್ಲಕ್ಕಿಂತ ಹೆಚ್ಚು ಬೆಲೆ ಬಂದದ್ದು ಇಂಗ್ಲೆಂಡಿನ ದಕ್ಷಿಣ ಕಡಲಂಚಿನ ವಕೀಲರೊಬ್ಬರ ಪ್ಲೇಟಿಗೆ. ಆರ್ಥರ್ ಸ್ಟ್ಯಾನ್ಲಿ ವಿಲಿಯಮ್ಸ್, ಇವರೂ ಹವ್ಯಾಸಿಯೇ. ಆಂಡರ್ಸನ್ ನೋಡುವ 28 ಗಂಟೆ ಮೊದಲು, ಫೆಬ್ರವರಿ 20ರ ರಾತ್ರಿ, ಅವರು ಅದೇ ಜಾಗದ ಫೋಟೋ ತೆಗೆದಿದ್ದರು. 12ನೇ ಕಾಂತಿಮಾನದವರೆಗಿನ ನಕ್ಷತ್ರಗಳು ಅದರಲ್ಲಿ ಮೂಡಿವೆ. ನೋವಾ ಇರಬೇಕಾದ ಕಡೆ ಏನೂ ಇಲ್ಲ. ಲೆಕ್ಕ ಹಾಕಿದರೆ ಆ 28 ಗಂಟೆಯೊಳಗೆ ಅದರ ಬೆಳಕು ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿಯಾಗಿತ್ತು.